ಮೂರು ವಿಕೆಟ್

ನಸುಕಿನಲ್ಲಿ ಶಹಾಪುರದ ಬೆಟ್ಟ ಬರೀ ಕಪ್ಪು ಗುಡ್ಡೆ. ಬೆಳಕು ಹರಿದಂತೆ ಹಣೆ, ಮೂಗು, ಗದ್ದ, ಎದೆ ಒಂದೊಂದಾಗಿ ಬಿಡಿಸಿಕೊಂಡು ಅಂಗಾತ ಮಲಗಿದ ಬುದ್ಧ ಕಾಣುತ್ತಾನೆ. ಅಷ್ಟೊತ್ತಿಗೆ ಬಯಲಿನಲ್ಲಿ ಹುಡುಗರ ಕ್ರಿಕೆಟ್ ಶುರುವಾಗಿರುತ್ತದೆ. ಮೊನ್ನೆ ಒಬ್ಬ ಹುಡುಗ ಬೇವಿನ ಗಿಡದ ತನಕ ಹಿಂದೆ ಹೋಗಿ, ಅಲ್ಲಿಂದ ಉಸಿರು ಕಟ್ಟಿ ಓಡಿ ಬಂದು ಟೆನಿಸ್ ಬಾಲ್ ಎಸೆದ. ಬಾಲು ಕೀಪರ್ ಕೈಗೂ ಸಿಗದೆ ರಸ್ತೆಗೆ ಹೋಯಿತು. ನನ್ನ ಜೊತೆ ವಾಕಿಂಗ್ ಬರುವ ಗೆಳೆಯರು ನಿಂತೇಬಿಟ್ಟರು. “ನೋಡ್ರಿ ಸರ, ಥೇಟ್ ಜಾನ್ಸನ್!”

ಎಷ್ಟೋ ವರ್ಷದ ಮೇಲೆ ಆ ಹೆಸರು ಬೆಳಗಿನ ಗಾಳಿಯಲ್ಲಿ ಕಿವಿಗೆ ಬಿತ್ತು.

ಡೇವಿಡ್ ಜಾನ್ಸನ್ ಹುಟ್ಟಿದ್ದು ನಮ್ಮ ಅರಸೀಕೆರೆಯಲ್ಲಿ, 1971ರ ಅಕ್ಟೋಬರ್ 16ರಂದು. ಕೆಟ್ಟ ಕಾಲದಲ್ಲಿ ಹುಟ್ಟಿದ ವೇಗದ ಬೌಲರ್ ಅಂತ ನನಗೆ ಅನಿಸುವುದುಂಟು. ಅವರ ರಾಜ್ಯದ ತಂಡದಲ್ಲೇ ಜಾವಗಲ್ ಶ್ರೀನಾಥ್ ಇದ್ದರು, ವೆಂಕಟೇಶ್ ಪ್ರಸಾದ್ ಇದ್ದರು. ಅವರಿಬ್ಬರು ದೇಶಕ್ಕೆ ಆಡಲು ಹೋದಾಗ ಕರ್ನಾಟಕದ ಹೊಸ ಚೆಂಡು ಉಳಿದವರ ಕೈಗೆ ಬರಬೇಕು. ಬಂದಾಗ ಜಾನ್ಸನ್ ಬಿಡಲಿಲ್ಲ. 1995-96ರ ರಣಜಿಯಲ್ಲಿ ಕೇರಳದ ಮೇಲೆ ಒಂದೇ ಪಂದ್ಯದಲ್ಲಿ 152 ರನ್ನಿಗೆ 10 ವಿಕೆಟ್. ಮುಂದಿನ ಹಂಗಾಮಿನಲ್ಲಿ ಶ್ರೀನಾಥ್ ಗಾಯಗೊಂಡರು, ಆ ಜಾಗಕ್ಕೆ ಜಾನ್ಸನ್‌ಗೆ ಕರೆ ಬಂತು.

1996ರ ಅಕ್ಟೋಬರ್, ದಿಲ್ಲಿ, ಎದುರಿಗೆ ಆಸ್ಟ್ರೇಲಿಯಾ. ಆಗ ನಾವಿನ್ನೂ ಗುಲಬರ್ಗಾ ಜಿಲ್ಲೆಯವರು. ಹತ್ತಿ ಒಡೆಯುವ ದಿನಗಳು. ನಮ್ಮ ಟ್ರಾನ್ಸಿಸ್ಟರಿನ ಸೆಲ್ಲುಗಳು ಮುಗಿದಿದ್ದವು. ಮಾಳಿಗೆ ಮೇಲೆ ಬಿಸಿಲಿಗಿಟ್ಟು, ಬಿಸಿಯಾದ ಮೇಲೆ ಹಾಕಿದರೆ ಒಂದರ್ಧ ತಾಸು ಮಾತಾಡುತ್ತಿದ್ದವು. ಆ ಅರ್ಧ ತಾಸಿನಲ್ಲಿ ನಮ್ಮವರ ಹೆಸರು ಎಷ್ಟು ಸಲ ಬರುತ್ತದೆ ಅಂತ ಎಣಿಸುವುದೇ ಹಬ್ಬ. ದ್ರಾವಿಡ್, ಕುಂಬ್ಳೆ, ಪ್ರಸಾದ್, ಗದಗಿನ ಸುನಿಲ್ ಜೋಶಿ, ಜೊತೆಗೆ ಅರಸೀಕೆರೆಯ ಈ ಹೊಸ ಹುಡುಗ. ಮೈಕೆಲ್ ಸ್ಲೇಟರ್ ಬ್ಯಾಟು ಬೀಸಿದರು, ಸ್ಲಿಪ್ಪಿನಲ್ಲಿ ಅಜರುದ್ದೀನ್ ಕ್ಯಾಚ್ ಹಿಡಿದರು. ಜಾನ್ಸನ್‌ರ ಮೊದಲ ಟೆಸ್ಟ್ ವಿಕೆಟ್. ಭಾರತ ಗೆದ್ದಿತು.

ಆಮೇಲೆ ಡಿಸೆಂಬರಿನಲ್ಲಿ ಡರ್ಬನ್. ಭಾರತ 100ಕ್ಕೆ, ಮತ್ತೆ 66ಕ್ಕೆ ಆಲೌಟ್ ಆಗಿ 328 ರನ್ನುಗಳಿಂದ ಸೋತ ಪಂದ್ಯ. ಅದರಲ್ಲಿ ಜಾನ್ಸನ್ ಎರಡು ವಿಕೆಟ್ ತೆಗೆದರು. ವೇಗ ಇತ್ತು, ಹಿಡಿತ ಸಾಲಲಿಲ್ಲ. ಮುಂದಿನ ಟೆಸ್ಟಿಗೆ ಅವರ ಜಾಗದಲ್ಲಿ ಇನ್ನೊಬ್ಬ ಕನ್ನಡಿಗ, ದೊಡ್ಡ ಗಣೇಶ್. ಎರಡು ಟೆಸ್ಟ್, ಮೂರು ವಿಕೆಟ್. ಮತ್ತೆ ಕರೆ ಬರಲೇ ಇಲ್ಲ. ಅವರೇನೂ ಚೆಂಡು ಕೆಳಗಿಡಲಿಲ್ಲ. 39 ಪ್ರಥಮ ದರ್ಜೆ ಪಂದ್ಯಗಳಲ್ಲಿ 125 ವಿಕೆಟ್ ಅವರ ಲೆಕ್ಕದಲ್ಲಿವೆ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ರಜೆ ಮೇಲೆ ಹೋದ ಮಾಸ್ತರರ ಬದಲಿಗೆ ಮೂರು ತಿಂಗಳ ಮಟ್ಟಿಗೆ ಒಬ್ಬರು ಬಂದಿದ್ದರು. ತಮ್ಮ ಬುತ್ತಿಯ ಜೋಳದ ರೊಟ್ಟಿಯನ್ನು ಅರ್ಧ, ಕಾಲು, ಅರೆಕಾಲು ಅಂತ ಮುರಿದು ಮೇಜಿನ ಮೇಲಿಟ್ಟು ಭಿನ್ನರಾಶಿ ತೋರಿಸಿದರು. ಕೊನೆಗೆ ಆ ಚೂರುಗಳನ್ನೆಲ್ಲ ನಮಗೇ ಹಂಚಿಬಿಟ್ಟರು. ಅವತ್ತು ಅವರು ಮಧ್ಯಾಹ್ನ ಏನು ಉಂಡರೋ, ಕೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ. ಶಾಲೆಯ ಗೋಡೆಯ ಫಲಕದಲ್ಲಿ ಅವರ ಹೆಸರಿಲ್ಲ. ನನಗೆ ಇಂದಿಗೂ ಅರೆಕಾಲು ಅಂದರೆ ಆ ರೊಟ್ಟಿಯ ಅಂಚು ಕಣ್ಣಿಗೆ ಬರುತ್ತದೆ. ಜಾನ್ಸನ್‌ರನ್ನು ನೆನೆದಾಗ ಈ ಮಾಸ್ತರರು ನೆನಪಾಗುವುದು ಯಾಕೆಂದು ಬಹಳ ದಿನ ತಿಳಿದಿರಲಿಲ್ಲ. ಇಬ್ಬರೂ ಇನ್ನೊಬ್ಬರ ಜಾಗಕ್ಕೆ ಬಂದವರು. ಬಂದಷ್ಟು ದಿನ ಆ ಜಾಗ ತಮ್ಮದೇ ಎಂಬಂತೆ ಪೂರ್ತಿ ಓಡಿದವರು.

2024ರ ಜೂನ್ 20ರಂದು ಬೆಂಗಳೂರಿನಲ್ಲಿ ಜಾನ್ಸನ್ ತೀರಿಕೊಂಡರು. 52 ವರ್ಷ, ಹೋಗುವ ವಯಸ್ಸಲ್ಲ. ಕುಂಬ್ಳೆ ಜಾನ್ಸನ್‌ರನ್ನು ‘ಬೆನ್ನಿ’ ಅಂತ ಕರೆದು ಬೀಳ್ಕೊಟ್ಟಿದ್ದನ್ನು ಓದಿ, ಆ ಸಲಿಗೆಗೆ ನನ್ನ ಕಣ್ಣು ತುಂಬಿತು. ಅಂದೇ ರಾತ್ರಿ ಬಾರ್ಬಡೋಸ್‌ನಲ್ಲಿ ವಿಶ್ವಕಪ್ಪಿನ ಪಂದ್ಯ, ಅಫ್ಗಾನಿಸ್ತಾನದ ಎದುರು. ನಮ್ಮ ಆಟಗಾರರ ತೋಳಿಗೆ ಕಪ್ಪು ಪಟ್ಟಿ. ಇಪ್ಪತ್ತೆಂಟು ವರ್ಷದ ಹಿಂದೆ ಎರಡೇ ಪಂದ್ಯ ಆಡಿದವರಿಗಾಗಿ ಬುಮ್ರಾ, ಕೊಹ್ಲಿಯಂಥವರು ಆ ಪಟ್ಟಿ ಕಟ್ಟಿ ಮೈದಾನಕ್ಕಿಳಿದರು.

ಬಾಲು ತರಲು ರಸ್ತೆಗೆ ಬಂದ ಹುಡುಗ ನಮ್ಮ ಮಾತು ಕೇಳಿಸಿಕೊಂಡು ನಿಂತ.

“ಜಾನ್ಸನ್ ಅಂದ್ರ ಯಾರ್ರಿ ಕಾಕಾ?”

“ನಮ್ಮ ಕಡ್ಯಾಂವನ, ಅರಸೀಕೆರಿಯಾಂವ. ದೇಶಕ್ಕ ಆಡ್ಯಾನ.”

“ಎಷ್ಟ್ ವಿಕೆಟ್ ತಗೊಂಡಾನ್ರಿ?”

“ಮೂರು.”

“ಬರೇ ಮೂರಾ?”

ಗೆಳೆಯರು ಹುಡುಗನ ಹೆಗಲ ಮೇಲೆ ಕೈಯಿಟ್ಟರು. “ಯಾರ್ಯಾರದು ಅಂತ ಕೇಳು ತಮ್ಮಾ.” ಆಮೇಲೆ ಬೆರಳು ಮಡಚುತ್ತ ಹೇಳಿದರು: ಸ್ಲೇಟರ್, ಗಿಬ್ಸ್, ಮ್ಯಾಕ್‌ಮಿಲನ್. ಒಂದೂ ತಡವರಿಸಲಿಲ್ಲ.

ಹುಡುಗ ಬಾಲು ಚಡ್ಡಿಗೆ ಉಜ್ಜಿಕೊಳ್ಳುತ್ತ ಮತ್ತೆ ಬೇವಿನ ಗಿಡದ ಕಡೆ ನಡೆದ.