ಬಿಚ್ಚುವ ಹಕ್ಕು ಯಾರಿಗೆ?



ನಿಮ್ಮ ಮನೆಯಲ್ಲಿಯೂ ಒಂದು ಕ್ರೋಶಾ ಕಡ್ಡಿ ಇರಬಹುದು. ತಾಯಿಯದೋ ಅತ್ತೆಯದೋ ಆಗಿ, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಗುಂಡಿ, ಸೂಜಿ, ನೂಲಿನ ಉಂಡೆಗಳ ನಡುವೆ ಬಿದ್ದಿರಬಹುದು. ಪೂಜಾಪೀಠದ ವಸ್ತ್ರಕ್ಕೆ ಅಂಚು ಹಾಕಲು, ಹುಟ್ಟಿದ ಕೂಸಿಗೆ ಕುಲಾವಿ ಹೆಣೆಯಲು ನಮ್ಮ ಹೆಂಗಸರು ಎಷ್ಟೋ ಮಂದಿ ಅದನ್ನು ಕೈಯಲ್ಲಿ ಹಿಡಿದವರೇ. ಅಂಥ ಒಂದು ಕಡ್ಡಿಯಿಂದ, ಒಂದು ಹೊದಿಕೆಗಾಗಿ ಹೆಣೆದ ದೊಡ್ಡದೊಂದು ಹೂವಿನ ಚೌಕದ ವಿಷಯವನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ವಿಷಯ ಚಿಕ್ಕದು. ಆದರೆ ಅದು ನನ್ನ ಮುಂದಿಟ್ಟ ಪ್ರಶ್ನೆ ಚಿಕ್ಕದಲ್ಲ. ಇನ್ನೊಬ್ಬರ ಕೆಲಸದಲ್ಲಿ ತಪ್ಪು ಕಂಡಾಗ, ಅವರಿಗೆ ಹೇಳದೆಯೇ ಅದನ್ನು ನಾವು ಸರಿಪಡಿಸಿಬಿಡುವುದು ಪ್ರೀತಿಯೇ? ಇಲ್ಲವೇ ಅದೂ ಒಂದು ಬಗೆಯ ಕಳವೇ?

ಕ್ರೋಶಾ ಬಾರದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಹೂವಿನ ಚೌಕವನ್ನು ನಡುವಿನಿಂದ ಹೊರಕ್ಕೆ ಹೆಣೆಯುತ್ತಾರೆ. ಮೊದಲು ಆರು ಸರಪಳಿ ಹಾಕಿ ಉಂಗುರದಂತೆ ಕೂಡಿಸಬೇಕು. ಅದರ ಸುತ್ತ ಎಂಟು ಎಸಳು. ಆ ಎಸಳುಗಳ ಬೆನ್ನ ಹಿಂದೆ ಎಂಟು ಸರಪಳಿಯ ಕುಣಿಕೆಗಳನ್ನು ಕಟ್ಟಿ, ಅವುಗಳ ಮೇಲೆ ಇನ್ನೂ ದೊಡ್ಡದಾದ ಎಂಟು ಎಸಳು. ಹೀಗೆ ಎರಡು ಮೂರು ಸಾಲು ಎಸಳಾದರೆ ಹೂ ಬಟ್ಟೆಯಿಂದ ಮೇಲೆದ್ದು ನಿಲ್ಲುತ್ತದೆ. ನಂತರ ಹಸಿರು ನೂಲು ತೆಗೆದುಕೊಂಡು ದುಂಡನೆಯ ಹೂವನ್ನು ಚೌಕವಾಗಿ ತಿರುಗಿಸಬೇಕು. ಎರಡೆರಡು ಎಸಳಿಗೆ ಒಂದು ಬದಿ, ನಾಲ್ಕು ಬದಿಗೆ ನಾಲ್ಕು ಮೂಲೆ. ಪ್ರತಿ ಮೂಲೆಯಲ್ಲಿ ಒಂದೇ ಸಂದಿನೊಳಗೆ ಮೂರು ಉದ್ದ ಹೆಣಿಕೆ, ಎರಡು ಸರಪಳಿ, ಮತ್ತೆ ಮೂರು ಉದ್ದ ಹೆಣಿಕೆ. ಮೂಲೆ ಸರಿಯಾದರೆ ಮುಂದಿನ ಸುತ್ತುಗಳು ತಾವಾಗಿಯೇ ಬೆಳೆಯುತ್ತವೆ. ಬೇಕಾದಷ್ಟು ದೊಡ್ಡದು ಮಾಡಬಹುದು, ಸುತ್ತಿಗೊಂದು ಬಣ್ಣ ಹಾಕಬಹುದು.

ಎಂಟರ ಬದಲು ಏಳೇ ಎಸಳು ಬಿದ್ದರೆ? ನಾಲ್ಕು ಬದಿಗೆ ಏಳು ಸಮನಾಗಿ ಹಂಚಿಹೋಗದು. ಒಂದು ಬದಿ ಗಿಡ್ಡವಾಗುತ್ತದೆ, ಚೌಕ ಸೊಟ್ಟಗಾಗುತ್ತದೆ. ಹೊರಗಿನ ಸುತ್ತುಗಳನ್ನು ಹಾಕುತ್ತ ಹೋದಂತೆ ಆ ತಪ್ಪೂ ಜೊತೆಯಲ್ಲೇ ಬೆಳೆಯುತ್ತದೆ. ಅದನ್ನು ತಿದ್ದಬೇಕಾದರೆ ಹೊರಗಿನಿಂದ ಒಳಕ್ಕೆ ಎಲ್ಲವನ್ನೂ ಬಿಚ್ಚುತ್ತ ಬರಬೇಕು. ಕ್ರೋಶಾದಲ್ಲಿ ಕೊನೆಗೆ ಉಳಿಯುವುದು ಒಂದೇ ಕುಣಿಕೆ. ಅದನ್ನು ಸಡಿಲಿಸಿ ನೂಲಿನ ತುದಿ ಹಿಡಿದೆಳೆದರೆ, ಮೂರು ಸಂಜೆ ಕೂತು ಹೆಣೆದದ್ದು ಕೆಲವೇ ನಿಮಿಷಗಳಲ್ಲಿ ಇಲ್ಲವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಆಗಮನ ಕಾಲದಲ್ಲಿ ನಮ್ಮ ಧರ್ಮಕೇಂದ್ರದ ಮಹಿಳೆಯರೆಲ್ಲ ಸೇರಿ ಒಂದು ವೃದ್ಧಾಶ್ರಮಕ್ಕೆ ಹೊದಿಕೆ ಹೆಣೆದುಕೊಡಲು ಮುಂದಾದೆವು. ಒಬ್ಬೊಬ್ಬರು ಒಂದು ಅಡಿ ಅಗಲದ ಒಂದು ಹೂವಿನ ಚೌಕ. ಅಡ್ಡಕ್ಕೆ ಐದು, ಉದ್ದಕ್ಕೆ ಆರು, ಒಟ್ಟು ಮೂವತ್ತು ಚೌಕ. ಎಲ್ಲವನ್ನೂ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕೊನೆಯ ಚೌಕವನ್ನು ತಂದುಕೊಟ್ಟವರು ಎಂಬತ್ತು ದಾಟಿದ ಒಬ್ಬ ಅಜ್ಜಿ. ಕಣ್ಣಿನ ಪೊರೆ ತೆಗೆಸಿದ್ದರು, ಬೆರಳುಗಳು ನಡುಗುತ್ತಿದ್ದವು. ಕಿತ್ತಳೆ ಬಣ್ಣದ ಹೂ, ಹಳದಿ ನಡು, ಹಸಿರು ಅಂಚು. ಹೂವಿಗೆ ಏಳೇ ಎಸಳು. ಒಂದು ಬದಿ ಎರಡು ಅಂಗುಲ ಗಿಡ್ಡ.

ಅಂದು ರಾತ್ರಿ ನಾನು ಆ ಚೌಕವನ್ನು ಬಿಚ್ಚಿದೆ. ಅದೇ ನೂಲಿನಿಂದ ಮತ್ತೆ ಹೆಣೆದೆ. ಬಿಚ್ಚಿದ ಉಲ್ಲನ್ ನೆಟ್ಟಗೆ ಬರಲಿಲ್ಲ, ಸುರುಳಿ ಸುರುಳಿಯಾಗಿಯೇ ಬಂತು. ಹೆಣೆದ ಕೈಯ ಬಿಗಿ, ಸಡಿಲ ಎಲ್ಲವನ್ನೂ ನೂಲು ಹಾಗೆ ನೆನಪಿಟ್ಟುಕೊಂಡಿರುತ್ತದೆ. ಅದು ಅಜ್ಜಿಯ ಬೆರಳಿನ ಗುರುತು ಎಂದು ಆಗ ನನಗೆ ತೋಚಲಿಲ್ಲ. ಎಳೆದು ಬಿಗಿಮಾಡಿ ಮುಂದುವರಿದೆ.

ಭಾನುವಾರ ಪೂಜೆಯ ನಂತರ ಹೊದಿಕೆಯನ್ನು ಮೇಜಿನ ಮೇಲೆ ಹರಡಿದ್ದೆವು. ಅಜ್ಜಿ ಬಂದು ತಮ್ಮ ಹೂವನ್ನು ಹುಡುಕಿ, ಅದರ ಮೇಲೆ ಕೈಯಾಡಿಸಿದರು. "ಇಷ್ಟು ಚೆನ್ನಾಗಿ ಬಂದಿದೆಯಾ! ನಾನೇ ಹಾಕಿದ್ದಾ ಇದು?" ಎಂದು ಕೇಳಿ, ಮೊಮ್ಮಗಳನ್ನು ಕರೆದು ತೋರಿಸಿದರು. ಅವರ ಮುಖ ಅರಳಿತ್ತು. ನಾನು ಬಾಯಿ ಬಿಡಲಿಲ್ಲ.

ಓದುಗರೇ, ಇದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ಅಜ್ಜಿಗೆ ಸಂತೋಷವಾಯಿತು, ಆಶ್ರಮದವರಿಗೆ ಒಳ್ಳೆಯ ಹೊದಿಕೆ ಸಿಕ್ಕಿತು, ಯಾರಿಗೂ ನಷ್ಟವಿಲ್ಲ. ನಾನೂ ಹಾಗೆಯೇ ಸಮಾಧಾನ ಹೇಳಿಕೊಂಡೆ. ಪವಿತ್ರ ಗ್ರಂಥದ ಬೆಂಬಲವನ್ನೂ ಹುಡುಕಿದೆ. ಪ್ರವಾದಿ ಮಲಾಕಿಯನ ಮೊದಲನೆಯ ಅಧ್ಯಾಯದಲ್ಲಿ, ಕುಂಟಾದ, ಕುರುಡಾದ ಪ್ರಾಣಿಗಳನ್ನು ಬಲಿಗೆ ತಂದವರ ಮೇಲೆ ದೇವರು ಕೋಪಗೊಳ್ಳುತ್ತಾರೆ. "ಬಡವರಿಗೆ ತಾನೆ, ಹೇಗಿದ್ದರೂ ನಡೆಯುತ್ತದೆ" ಎಂದು ಕೊಡುವುದು ಪಾಪ, ನಿಜ. ದೇವರಿಗೆ ಕೊಡುವುದು ಒಳ್ಳೆಯದೇ ಆಗಿರಬೇಕು. ಹಾಗಿದ್ದಮೇಲೆ ಸೊಟ್ಟ ಚೌಕವನ್ನು ಬಿಚ್ಚಿದ್ದು ಸರಿಯಲ್ಲವೇ?

ಆದರೆ ಮಲಾಕಿಯನ ಮಾತನ್ನು ಪೂರ್ತಿ ಓದಿದಾಗ ನನ್ನ ಸಮಾಧಾನ ನಿಲ್ಲಲಿಲ್ಲ. ಅಲ್ಲಿ ಖಂಡನೆಗೆ ಗುರಿಯಾದವನು ಮಂದೆಯಲ್ಲಿ ಒಳ್ಳೆಯ ಗಂಡು ಪಶುವಿದ್ದೂ ಊನವಾದುದನ್ನು ತಂದವನು. ಅವನ ಕಾಣಿಕೆಯಲ್ಲಿದ್ದ ಊನ ಅವನ ಮನಸ್ಸಿನದು. ಮಾರ್ಕನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದ ಬಡ ವಿಧವೆಯನ್ನು ನೆನೆಯಿರಿ. ಅವಳು ಹಾಕಿದ್ದು ಎರಡೇ ಕಾಸು. ಆದರೂ ಎಲ್ಲರಿಗಿಂತ ಹೆಚ್ಚು ಹಾಕಿದವಳು ಅವಳೇ ಎಂದು ಪ್ರಭು ಯೇಸು ಶಿಷ್ಯರನ್ನು ಕರೆದು ಹೇಳುತ್ತಾರೆ. ಆ ಎರಡು ಕಾಸನ್ನು ಯಾರೋ ಗುಟ್ಟಾಗಿ ತೆಗೆದು ಎರಡು ಬೆಳ್ಳಿ ನಾಣ್ಯ ಹಾಕಿದ್ದರೆ ಕಾಣಿಕೆ ಪೆಟ್ಟಿಗೆಯ ತೂಕ ಹೆಚ್ಚುತ್ತಿತ್ತು. ಆದರೆ ವಿಧವೆಯ ಕಾಣಿಕೆ ಅಲ್ಲಿ ಉಳಿಯುತ್ತಿತ್ತೇ? ಸೋಮಾರಿತನದಿಂದ ಬಂದ ಕೊರತೆ ಬೇರೆ, ಶಕ್ತಿ ಮುಗಿದಲ್ಲಿ ಉಂಟಾದ ಕೊರತೆ ಬೇರೆ. ಅಜ್ಜಿಯ ಏಳು ಎಸಳು ಎರಡನೆಯ ಬಗೆಯದು.

ಕ್ರೋಶಾದ ಚರಿತ್ರೆಯಲ್ಲಿಯೇ ಇದಕ್ಕೊಂದು ಪಾಠವಿದೆ. 1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಭೀಕರ ಬರಗಾಲ ಬಂತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಆ ಕಾಲದಲ್ಲಿ ಕಾರ್ಕ್ ನಗರದ ಬಳಿಯ ಬ್ಲಾಕ್‌ರಾಕ್‌ನಲ್ಲಿದ್ದ ಉರ್ಸುಲೈನ್ ಧರ್ಮಭಗಿನಿಯರು ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಕಲೆ ಬೇರೆ ಊರುಗಳಿಗೂ ಹಬ್ಬಿ, ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದಕ್ಕೆ ಅದೇ ಆಧಾರವಾಯಿತು. ಒಬ್ಬಳು ಗುಲಾಬಿ ಹೆಣೆದರೆ ಇನ್ನೊಬ್ಬಳು ಎಲೆ ಹೆಣೆಯುವಳು, ಮತ್ತೊಬ್ಬಳು ಅವನ್ನು ಬಲೆಯಂತೆ ಜೋಡಿಸುವಳು. ನಾವು ಇಂದು ಚೌಕದ ನಡುವೆ ಹಾಕುವ, ಎಸಳಿನ ಹಿಂದೆ ಎಸಳಿರುವ ಗುಲಾಬಿಗೆ ಐರಿಷ್ ಗುಲಾಬಿ ಎಂದೇ ಹೆಸರು.

ಆ ಧರ್ಮಭಗಿನಿಯರ ಕೈ ಪಳಗಿದ ಕೈ. ತಾವೇ ಹೆಣೆದು ಮಾರಿ ಬಂದ ಹಣವನ್ನು ಬಡವರಿಗೆ ಹಂಚಬಹುದಿತ್ತು. ಅವರು ಮಾಡಿದ್ದು ಕಲಿಸುವ ಕೆಲಸ. ಮಾರುವ ಜಾಲರಿಯಲ್ಲಿ ತಪ್ಪಿದ್ದರೆ ಕೊಳ್ಳುವವರಿಲ್ಲ, ಆದ್ದರಿಂದ ಅಲ್ಲಿ ಬಿಚ್ಚಿ ತಿದ್ದಲೇಬೇಕು. ಆದರೆ ತಿದ್ದುವ ವಿದ್ಯೆ ಆ ಹುಡುಗಿಯ ಕೈಗೇ ಬಂದಾಗ ಮಾತ್ರ ಮರುದಿನವೂ ಅವಳ ಮನೆಯಲ್ಲಿ ಊಟ.

ಸಂತ ಎರಡನೇ ಜಾನ್ ಪೌಲರು 1981ರಲ್ಲಿ ದುಡಿಮೆಯ ಬಗ್ಗೆ ಬರೆದ 'ಲಬೋರೆಮ್ ಎಕ್ಸೆರ್ಚೆನ್ಸ್' ಎಂಬ ವಿಶ್ವಪರಿಪತ್ರದಲ್ಲಿ ಇದನ್ನು ಸ್ಪಷ್ಟಪಡಿಸುತ್ತಾರೆ. ಕೆಲಸಕ್ಕೆ ಎರಡು ಮುಖಗಳಿವೆ. ಒಂದು, ತಯಾರಾದ ವಸ್ತು. ಇನ್ನೊಂದು, ಅದನ್ನು ತಯಾರಿಸಿದ ವ್ಯಕ್ತಿ. ಕೆಲಸಕ್ಕೆ ಘನತೆ ಬರುವುದು ಮೊದಲಾಗಿ ಆ ವ್ಯಕ್ತಿಯಿಂದ. ನಾನು ಅಂದು ರಾತ್ರಿ ನೋಡಿದ್ದು ವಸ್ತುವನ್ನು ಮಾತ್ರ. ಚೌಕ ನೆಟ್ಟಗಾಯಿತು, ಆದರೆ ಮೂವತ್ತು ಮಂದಿ ಹೆಣೆದ ಹೊದಿಕೆ ಇಪ್ಪತ್ತೊಂಬತ್ತು ಮಂದಿಯದಾಯಿತು. ಅಜ್ಜಿಯ ಪ್ರಾರ್ಥನೆ, ಅಜ್ಜಿಯ ಮೂರು ಸಂಜೆ, ನಡುಗುವ ಬೆರಳಿನ ಶ್ರಮ ಅದರಲ್ಲಿ ಇರಲಿಲ್ಲ. ಮೇಲಾಗಿ ಅವರ ಸಂತೋಷ ನನ್ನ ಸುಳ್ಳಿನ ಮೇಲೆ ನಿಂತಿತ್ತು.

ತಡೆಯಲಾರದೆ ಒಂದು ದಿನ ಅಜ್ಜಿಯ ಮನೆಗೆ ಹೋಗಿ ಇದ್ದದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಮುಖ ಬಾಡಿದ್ದನ್ನು ನಾನು ಕಂಡೆ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆಮೇಲೆ ಹೇಳಿದರು: "ಸೊಟ್ಟಗಿದ್ದರೆ ನನಗೆ ಹೇಳಬೇಕಿತ್ತು ಮಗಳೇ. ನಾನೇ ಬಿಚ್ಚುತ್ತಿದ್ದೆ. ಅರವತ್ತು ವರ್ಷದಿಂದ ಹೆಣೆಯುತ್ತಿದ್ದೇನೆ, ಬಿಚ್ಚುವುದು ನನಗೂ ಗೊತ್ತು."

ಈ ಮಾತಿನಲ್ಲಿ ನನಗೆ ಉತ್ತರ ಸಿಕ್ಕಿತು. ಅಜ್ಜಿಗೆ ತಮ್ಮ ತಪ್ಪನ್ನು ಕೇಳುವ ಶಕ್ತಿಯಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ಅವರ ಮೇಲಿನ ಕರುಣೆ ಎಂದುಕೊಂಡದ್ದು ನಿಜವಾಗಿ ಅವರ ಮೇಲಿನ ಅಪನಂಬಿಕೆಯಾಗಿತ್ತು. ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದ 15ನೆಯ ವಚನದಲ್ಲಿ ಪ್ರಭು, ಸೋದರನು ತಪ್ಪು ಮಾಡಿದರೆ ನೀನೊಬ್ಬನೇ ಹೋಗಿ ಅವನಿಗೇ ತಿಳಿಸು ಎಂದು ಕಲಿಸುತ್ತಾರೆ. ಆ ಮಾತು ಪಾಪದ ಕುರಿತದ್ದು, ಏಳೆಸಳಿನ ಹೂ ಪಾಪವಲ್ಲ. ಆದರೂ ದಾರಿ ಒಂದೇ: ಅವರ ಬಳಿಗೆ ಹೋಗು, ಅವರಿಗೇ ಹೇಳು. ಊರಿಗೆಲ್ಲ ಹೇಳುವುದು ಆ ದಾರಿಯಲ್ಲ. ಯಾರಿಗೂ ಹೇಳದೆ ಕತ್ತಲಲ್ಲಿ ಬಿಚ್ಚುವುದೂ ಆ ದಾರಿಯಲ್ಲ.

ಈಗ ನಿಮ್ಮ ಮನೆಯೊಳಗೆ ಒಮ್ಮೆ ನೋಡಿಕೊಳ್ಳಿ. ಸೊಸೆ ಮಾಡಿಟ್ಟ ಸಾರಿಗೆ ಅವಳು ಅತ್ತ ತಿರುಗಿದಾಗ ಒಗ್ಗರಣೆ ಬದಲಿಸಿದ್ದೀರಾ? ಮಗ ಬರೆದ ಪ್ರಬಂಧವನ್ನು ಅವನು ಮಲಗಿದ ಮೇಲೆ ತಿದ್ದಿ ಬರೆದಿದ್ದೀರಾ? ಗಂಡ ಮಡಿಸಿಟ್ಟ ಬಟ್ಟೆಯನ್ನು ಕೊಡವಿ ಮತ್ತೆ ಮಡಿಸಿದ್ದೀರಾ? ವಯಸ್ಸಾದ ತಂದೆ ಕಟ್ಟಿದ ಬೇಲಿಯನ್ನು ಕಿತ್ತು ಆಳಿನಿಂದ ಕಟ್ಟಿಸಿದ್ದೀರಾ? ಪ್ರತಿಯೊಂದಕ್ಕೂ ನಮ್ಮಲ್ಲಿ ಒಳ್ಳೆಯ ಕಾರಣವಿರುತ್ತದೆ. ಆದರೆ ಹೀಗೆ ಬಿಚ್ಚುತ್ತ ಹೋದರೆ ಕೊನೆಗೆ ಮನೆಯಲ್ಲಿ ಕೆಲಸ ಬಲ್ಲವರು ನಾವೊಬ್ಬರೇ ಉಳಿಯುತ್ತೇವೆ. ಆಮೇಲೆ "ಎಲ್ಲ ನನ್ನ ತಲೆಯ ಮೇಲೆಯೇ" ಎಂದು ನಾವೇ ಗೊಣಗುತ್ತೇವೆ.

ಹಾಗಾದರೆ ಸೊಟ್ಟಗಿದ್ದುದನ್ನೆಲ್ಲ ಹಾಗೆಯೇ ಬಿಡಬೇಕೇ? ಬೇಡ. ಹೊದ್ದುಕೊಳ್ಳುವವರಿಗೆ ತೊಂದರೆಯಾಗುವ ತಪ್ಪನ್ನು ಸರಿಪಡಿಸಲೇಬೇಕು. ಬಣ್ಣ ಬದಲಿಸಿದ ಕಡೆ ನೂಲಿನ ತುದಿಗಳನ್ನು ಹಿಂಬದಿಯ ಹೆಣಿಕೆಯೊಳಗೆ ಸೂಜಿಯಿಂದ ಸೇರಿಸದಿದ್ದರೆ, ನಾಲ್ಕು ಸಲ ಒಗೆಯುವಷ್ಟರಲ್ಲಿ ಹೂ ಬಿಚ್ಚಿಕೊಂಡೀತು. ಅಂಥ ತುದಿ ಕಂಡರೆ ಭದ್ರಪಡಿಸಿ, ಹೆಣೆದವರಿಗೆ ತಿಳಿಸಿ. ಚೌಕ ಚಿಕ್ಕದಾಗಿದ್ದರೆ ಅದಕ್ಕೂ ಉಪಾಯವಿದೆ. ಬಿಚ್ಚುವ ಬದಲು ಅದರ ಸುತ್ತ ಇನ್ನೊಂದು ಸುತ್ತು ಹಾಕಬಹುದು. ಗಿಡ್ಡವಾದ ಬದಿಯಲ್ಲಿ ಅಲ್ಲಲ್ಲಿ ಒಂದೇ ಕಣ್ಣಿಗೆ ಎರಡು ಹೆಣಿಕೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಉಣ್ಣೆಯಾದರೆ ಒದ್ದೆ ಮಾಡಿ, ನಾಲ್ಕು ಮೂಲೆಗೆ ಗುಂಡುಸೂಜಿ ಚುಚ್ಚಿ ಒಣಗಿಸಿದರೆ ಸೊಟ್ಟವೂ ಬಹಳಷ್ಟು ಇಳಿಯುತ್ತದೆ. ಅವರ ಹೂ ಅವರದಾಗಿಯೇ ಉಳಿಯುತ್ತದೆ, ಹೊದಿಕೆಯ ಅಳತೆಯೂ ತಪ್ಪುವುದಿಲ್ಲ. ಈ ಉಪಾಯ ನನಗೆ ಅಂದೂ ಗೊತ್ತಿತ್ತು. ನನಗೆ ಬೇಕಾಗಿದ್ದದ್ದು ನನ್ನ ಕೈಯ ಅಂದ.

ಬಿಚ್ಚುವುದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಮ್ಮ ತಪ್ಪನ್ನು ನಾವೇ ಬಿಚ್ಚುವುದಕ್ಕೆ ಧೈರ್ಯ ಬೇಕು. ಪಾಪನಿವೇದನೆಯಲ್ಲಿ ನಾವು ಮಾಡುವುದೂ ಅದನ್ನೇ. ನೂಲು ಎಲ್ಲಿ ತಪ್ಪಿತೋ ಅಲ್ಲಿಯವರೆಗೆ ಹಿಂದಕ್ಕೆ ಹೋಗುತ್ತೇವೆ. ದೇವರು ಅದನ್ನು ಕತ್ತರಿಸಿ ಎಸೆಯುವುದಿಲ್ಲ, ಅದೇ ನೂಲಿನಿಂದ ಮತ್ತೆ ಹೆಣೆಯಲು ಬಿಡುತ್ತಾರೆ. ಅವರೂ ನಮಗೆ ತಿಳಿಯದಂತೆ, ನಮ್ಮ ಒಪ್ಪಿಗೆಯಿಲ್ಲದೆ ನಮ್ಮನ್ನು ತಿದ್ದುವುದಿಲ್ಲ. ನಮ್ಮನ್ನು ಸೃಷ್ಟಿಸಿದವರೇ ಇಷ್ಟು ಕಾಯುವಾಗ, ನಾವು ಒಬ್ಬರಿಗೊಬ್ಬರು ಅಷ್ಟಾದರೂ ಕಾಯಬೇಡವೇ?

ಮರುವರ್ಷ ಅಜ್ಜಿ ಇನ್ನೊಂದು ಚೌಕ ತಂದರು. ಅದೇ ಕಿತ್ತಳೆ ಹೂ. ಈ ಸಲ ನಾವಿಬ್ಬರೂ ದೀಪದ ಕೆಳಗೆ ಕೂತು ಎಸಳು ಎಣಿಸಿದೆವು. ಎಂಟಿದ್ದವು, ಒಂದು ಮೂಲೆ ಮಾತ್ರ ಎಳೆದುಕೊಂಡಿತ್ತು. "ಬಿಚ್ಚಲಾ?" ಎಂದು ಕೇಳಿದರು. "ಬೇಡ ಅಜ್ಜಿ, ಸುತ್ತ ಒಂದು ಸಾಲು ಹಾಕೋಣ" ಎಂದೆ. ನೂಲನ್ನು ಅವರೇ ಆರಿಸಿಕೊಟ್ಟರು.

ದಯಾಮಯ ದೇವರೇ, ನಮ್ಮ ತಪ್ಪುಗಳನ್ನು ಬಿಚ್ಚುವ ದೀನತೆಯನ್ನು ನಮಗೆ ಕೊಡಿ. ಇನ್ನೊಬ್ಬರ ತಪ್ಪು ಕಂಡಾಗ ಅವರ ಬಳಿ ಕೂತು ಮೃದುವಾಗಿ ಮಾತನಾಡುವ ಪ್ರೀತಿಯನ್ನೂ ಕೊಡಿ. ಆಮೆನ್.