ದಧೀಚಿಯ ಮೂಳೆ, ನಮ್ಮ ಪಾಲಿನ ಸೇವೆ



ಪುಟ್ಟ ಕಂದನಿಗೆ ರಕ್ತದ ಕ್ಯಾನ್ಸರ್ ಎಂದು ಕೇಳಿದೊಡನೆ ನಮ್ಮ ಬಾಯಲ್ಲಿ ಬರುವ ಮಾತು, "ಯಾವ ಜನ್ಮದ ಕರ್ಮವೋ!" ಹೆತ್ತವರ ಎದೆಗೆ ಅದು ಇನ್ನೊಂದು ಸೂಜಿ. ಮಗುವಿನ ರೋಗಕ್ಕೆ ಅವರು ಕಾರಣರಲ್ಲ. ಕರ್ಮವೆಂದರೆ ಈಗ ನಾವು ಮಾಡಬೇಕಾದ ಕೆಲಸ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾಕ್ಕೆ 2-3 ವರ್ಷ ಚಿಕಿತ್ಸೆ. ಈ ದೇಶದಲ್ಲಿ ಇಂದು 100ಕ್ಕೆ ಸುಮಾರು 90 ಮಕ್ಕಳು ಐದು ವರ್ಷ ದಾಟುತ್ತಾರೆ. ಆದರೆ ಆಲ್ಡಿಯಲ್ಲಿ ಅಜ್ಜಿ-ತಾತ ಹತ್ತಿರವಿಲ್ಲ. ಬಿಸಿ ಅನ್ನ-ಸಾರು ಮುಟ್ಟಿಸುವವರು, ಅಣ್ಣನನ್ನು ಶಾಲೆಯಿಂದ ಕರೆತರುವವರು ನಾವೇ. ನಮಗೆ ನೆಗಡಿಯಿದ್ದಾಗ ಅವರ ಮನೆಗೆ ಹೋಗದಿರುವುದೂ ಸೇವೆಯೇ.

ಕೆಲವು ಮಕ್ಕಳಿಗೆ ಅಸ್ಥಿಮಜ್ಜೆಯ ಕಸಿ ಬೇಕಾಗುತ್ತದೆ. ಒಬ್ಬ ಒಡಹುಟ್ಟಿದವರದು ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊರಗಿನವರಲ್ಲಿ ನಮ್ಮ ಮೂಲದವರದೇ ಹೊಂದುವುದು ಹೆಚ್ಚು. ದಾನಿಗಳ ಪಟ್ಟಿಯಲ್ಲಿ ಮಾತ್ರ ನಮ್ಮವರು ಕಡಿಮೆ.

ಲೋಕರಕ್ಷಣೆಗಾಗಿ ದಧೀಚಿ ಮಹರ್ಷಿಗಳು ತಮ್ಮ ಮೂಳೆಗಳನ್ನೇ ಕೊಟ್ಟರು. ನಮ್ಮ 18ರಿಂದ 35ರೊಳಗಿನ ಯುವಕ-ಯುವತಿಯರು ಎನ್‌ಎಂಡಿಪಿ ಪಟ್ಟಿಗೆ ಸೇರಲು ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಸವರಿ ಕೊಟ್ಟರೆ ಸಾಕು. ಮುಂದೆ ಕರೆ ಬಂದಾಗ ಹಿಂಜರಿಯದಿರುವುದೇ ನಿಜವಾದ ವ್ರತ.

ಮೃತ್ಯುಂಜಯನು ಎಲ್ಲ ಮಕ್ಕಳನ್ನೂ ಕಾಪಾಡಲಿ. ಅವನ ಕೈಗಳು ನಾವಾಗೋಣ.