ದೇವಸ್ತುತಿಯೂ ಮುಖಸ್ತುತಿಯೂ

ನಮ್ಮ ಸ್ತುತಿಯಿಂದ ದೇವರಿಗೆ ಏನು ಪ್ರಯೋಜನವೆಂದು ಕೆಲವರು ಕೇಳುವದುಂಟು. ಭೂಮ್ಯಾಕಾಶಗಳನ್ನು ಉಂಟುಮಾಡಿದಾತನ ಮಹಿಮೆಯು ನಮ್ಮ ಹಾಡಿನಿಂದ ಎಳ್ಳಷ್ಟೂ ಹೆಚ್ಚುವದಿಲ್ಲ; ನಾವು ಸುಮ್ಮನಿದ್ದರೆ ಕುಂದುವದೂ ಇಲ್ಲ. ಹೀಗಿರಲಾಗಿ ಆತನು ತನ್ನನ್ನು ಕೊಂಡಾಡಬೇಕೆಂದು ಅಪ್ಪಣೆಕೊಡುವದು ಯಾಕೆ? ಇದನ್ನು ಅವಿಶ್ವಾಸಿಯ ಕುತರ್ಕವೆಂದು ತಳ್ಳಿಬಿಡಬಾರದು.

ಪ್ರಿಯ ವಾಚಕರೇ, ಹಿಂದಿನ ಗೇಣಿದಾರನು ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಂತದ್ದನ್ನು ನೆನಸಿಕೊಳ್ಳಿರಿ. ಗೇಣಿಯ ಬಾಕಿಗೆ ಇನ್ನೊಂದು ತಿಂಗಳ ವಾಯಿದೆ ಸಿಕ್ಕಲೆಂದು, ಬೀಜದ ಭತ್ತ ಸಿಕ್ಕಲೆಂದು ಅವನು ಹೊಗಳುತ್ತಿದ್ದನು. ಮನೆಗೆ ತಿರುಗುವ ದಾರಿಯಲ್ಲಿ ಅದೇ ಬಾಯಿಂದ ಶಪಿಸುತ್ತಿದ್ದನು. ಇದಕ್ಕೆ ನಮ್ಮ ಭಾಷೆಯಲ್ಲಿ ಮುಖಸ್ತುತಿ ಎಂದು ಹೆಸರು. ಅದು ಹೊಗಳುವವನನ್ನು ದಿನದಿನಕ್ಕೆ ಬಲಹೀನನನ್ನಾಗಿ ಮಾಡುತ್ತದೆ, ಯಾಕಂದರೆ ಅದರ ಹಿಂದೆ ಇರುವದು ಭಯವೇ. 1974ರ ಭೂಸುಧಾರಣೆಯ ಕಾನೂನು ಗೇಣಿಯನ್ನು ತೆಗೆದುಹಾಕಿತು. ಆದರೆ ಆ ಅಂಗಳದ ಅಭ್ಯಾಸವು ನಮ್ಮ ಪ್ರಾರ್ಥನೆಗಳಿಂದ ಇನ್ನೂ ಪೂರ್ತಿಯಾಗಿ ಹೋಗಲಿಲ್ಲವೋ ಏನೋ.

ಸಮುದ್ರಕ್ಕೆ ಹೋದ ಮೀನುಗಾರನು ದಡದ ಗುಡ್ಡವನ್ನು ಗುರುತು ಹಿಡಿದು ದೋಣಿಯನ್ನು ತಿರುಗಿಸುತ್ತಾನೆ. ಅವನು ನೋಡಿದ್ದರಿಂದ ಗುಡ್ಡವು ಎತ್ತರವಾಗುವದಿಲ್ಲ. ನೋಡದೆ ಹೋದರೆ ದಾರಿ ತಪ್ಪುವದು ದೋಣಿಗೆ. ದೇವಸ್ತುತಿಯು ಇಂಥ ನೋಟವೇ. ದುಃಖವು ಮನುಷ್ಯನನ್ನು ತನ್ನೊಳಗೆ ಮುದುಡಿಸಿ, ನಿನ್ನ ನಷ್ಟದ ಹೊರತು ಲೋಕದಲ್ಲಿ ಬೇರೇನೂ ಇಲ್ಲವೆಂದು ಹೇಳುತ್ತದೆ. ಸ್ತುತಿಸುವವನು ಆ ನಷ್ಟಕ್ಕಿಂತ ದೊಡ್ಡವನಾದಾತನ ಹೆಸರನ್ನು ಎತ್ತುತ್ತಾನೆ. ಹೊರೆಯು ಹೆಗಲ ಮೇಲೆಯೇ ಇರುತ್ತದೆ. ಆದರೂ ಅವನು ತಲೆಯೆತ್ತಿ ನಡೆಯಬಲ್ಲನು.

ಫಿಲಿಪ್ಪಿ ಪಟ್ಟಣದ ಸೆರೆಮನೆಯಲ್ಲಿ ಪೌಲ ಸೀಲರು ಮಧ್ಯರಾತ್ರಿಯಲ್ಲಿ ಹಾಡಿದ್ದನ್ನು ನಾವೆಲ್ಲರೂ ಬಲ್ಲೆವು. ಭೂಕಂಪವಾಗಿ ಬಾಗಿಲುಗಳು ತೆರೆದವೆಂಬದನ್ನು ಸಂತೋಷದಿಂದ ಹೇಳಿಕೊಳ್ಳುತ್ತೇವೆ. ಆದರೆ ಬಾಗಿಲು ತೆರೆದ ಮೇಲೆ ಅವರು ಓಡಿಹೋಗಲಿಲ್ಲವೆಂಬದನ್ನು ಎಷ್ಟು ಮಂದಿ ಗಮನಿಸಿದ್ದೇವೆ? ಕತ್ತಿಯನ್ನು ಹಿರಿದು ಸಾಯಲಿದ್ದ ಸೆರೆಯ ಯಜಮಾನನನ್ನು ಅವರು ತಡೆದರು. ಆತನು ಅವರ ಗಾಯಗಳನ್ನು ತೊಳೆದದ್ದು ಅದಾದ ಮೇಲೆಯೇ. ಅಂದರೆ ಹಾಡುವಾಗ ಬೆನ್ನಿನ ಪೆಟ್ಟುಗಳು ಹಸಿಯಾಗಿಯೇ ಇದ್ದವು. ಸ್ತುತಿಯಿಂದ ಅವರಿಗೆ ದೊರೆತ ಬಲವು ತಪ್ಪಿಸಿಕೊಳ್ಳುವದಕ್ಕಲ್ಲ, ತಮ್ಮನ್ನು ಕಟ್ಟಿಹಾಕಿದವನ ಪ್ರಾಣವನ್ನು ಉಳಿಸುವದಕ್ಕೆ ಉಪಯೋಗವಾಯಿತು.

ಈ ಮಾತನ್ನು ಅಮದಳ್ಳಿಯ ಸುತ್ತಣ ಕರಾವಳಿಯಲ್ಲಿ ಹೇಳುವವನು ಎಚ್ಚರಿಕೆಯಿಂದ ಹೇಳಬೇಕು. 1986ರಲ್ಲಿ ಅಸ್ತಿವಾರ ಹಾಕಲ್ಪಟ್ಟು 2005ರಲ್ಲಿ ಕಾರ್ಯಾರಂಭವಾದ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಡ ಎಲ್ಲವನ್ನು ಬಿಟ್ಟುಹೊರಟವು. 2024ನೆಯ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು, ಚಹದ ಅಂಗಡಿಯನ್ನೂ ಅಲ್ಲಿದ್ದವರನ್ನೂ ಕೊಚ್ಚಿಕೊಂಡುಹೋಯಿತು. ಗಂಗಾವಳಿಯಲ್ಲಿ ಮುಳುಗಿದ ಲಾರಿಯೊಂದು ಮೇಲೆ ಬರಲಿಕ್ಕೆ ಎರಡು ತಿಂಗಳು ದಾಟಿತು. ಚಾಲಕನ ದೇಹವು ಅದರೊಳಗೇ ಇತ್ತು. ಅಷ್ಟು ದಿನ ನದೀತೀರವನ್ನೇ ನೋಡುತ್ತಿದ್ದವರ ಬಳಿಗೆ ಹೋಗಿ, ದೇವರನ್ನು ಕೊಂಡಾಡಿರಿ, ಬಲ ಬರುವದು, ಎಂದು ಹೇಳಬಹುದೋ? ಹೇಳಬಾರದೆಂದೇ ನನ್ನ ಅಭಿಪ್ರಾಯ. ಸ್ತುತಿಯನ್ನು ತಾನೇ ಅರ್ಪಿಸಬಹುದು. ಅಳುವವನಿಂದ ಅದನ್ನು ಕೇಳಿ ವಸೂಲುಮಾಡುವದು ಕ್ರೂರತನ. ಯೋಬನ ಸ್ನೇಹಿತರು ಏಳು ದಿನ ಬಾಯಿಮುಚ್ಚಿ ಕೂತಿದ್ದಾಗಲೇ ಒಳ್ಳೇ ಸ್ನೇಹಿತರಾಗಿದ್ದರು.

ಹಾಗಾದರೆ ದುಃಖಿಗೆ ಸ್ತುತಿಯಲ್ಲಿ ಪಾಲಿಲ್ಲವೋ? ಕೀರ್ತನೆಗಳ ಪುಸ್ತಕಕ್ಕೆ ಇಬ್ರಿಯ ಭಾಷೆಯಲ್ಲಿ ತೆಹಿಲ್ಲೀಮ್, ಅಂದರೆ ಸ್ತುತಿಗಳು, ಎಂದು ಹೆಸರು. ಆದರೂ ಅದರಲ್ಲಿ ಪ್ರಲಾಪದ ಕೀರ್ತನೆಗಳೇ ಬೇರೆಲ್ಲಾ ಬಗೆಗಳಿಗಿಂತ ಹೆಚ್ಚು. 13ನೆಯದು ದೇವರು ತನ್ನನ್ನು ಮರೆತನೆಂಬ ದೂರಿನಿಂದ ಆರಂಭವಾಗಿ ಗಾನದಲ್ಲಿ ಮುಗಿಯುತ್ತದೆ. 88ನೆಯದು ಕತ್ತಲೆಯಲ್ಲಿಯೇ ನಿಂತುಬಿಡುತ್ತದೆ. ಅದನ್ನೂ ಸ್ತುತಿಗಳ ಸಂಗಡವೇ ಇಟ್ಟಿದ್ದಾರೆ. ಮುಖಸ್ತುತಿ ಮಾಡುವವನು ಧಣಿಯ ಎದುರಿಗೆ ದೂರು ಹೇಳಲಾರನು. ಮಗನಾದರೋ ತಂದೆಯ ಎದುರಿಗೆ ಹೇಳಬಲ್ಲನು. ದೂರನ್ನು ದೇವರ ಬಳಿಗೇ ತರುವವನು, ಕೇಳುವವನೊಬ್ಬನಿದ್ದಾನೆಂದು ಒಪ್ಪಿಕೊಂಡೇ ಬಂದಿರುತ್ತಾನೆ.

ಜರ್ಮನಿಯ ಐಲೆನ್‌ಬುರ್ಗ್ ಊರಿನ ಬೋಧಕನಾದ ಮಾರ್ಟಿನ್ ರಿಂಕಾರ್ಟನು 1618ರಿಂದ 1648ರ ವರೆಗಿನ ಯುದ್ಧದ ಕಾಲದಲ್ಲಿ ಜೀವಿಸಿದವನು. 1637ರ ಮಹಾಮಾರಿಯಲ್ಲಿ ಆತನು ನಾಲ್ಕು ಸಾವಿರಕ್ಕೂ ಹೆಚ್ಚು ಶವಗಳಿಗೆ ಕ್ರಿಯೆ ನಡಿಸಿದನು. ಸತ್ತವರಲ್ಲಿ ಆತನ ಹೆಂಡತಿಯೂ ಒಬ್ಬಳು. ಲೋಕದ ಸಭೆಗಳು ಇಂದಿಗೂ ಹಾಡುವ ಒಂದು ಕೃತಜ್ಞತಾಗೀತವು ಆ ಯುದ್ಧಕಾಲದಲ್ಲಿ ಆತನು ಬರೆದದ್ದು. ಹಬ್ಬದ ದಿನ ಅದನ್ನು ಹಾಡುವವರಲ್ಲಿ ಬಹು ಮಂದಿಗೆ ಅದರ ಹಿಂದಿನ ಗೋರಿಗಳು ತಿಳಿಯವು.

ಬಾಯಿಂದ ಸ್ವರ ಬಾರದವನಿಗೆ ಸಭೆಯು ಒಂದು ಉಪಕಾರವನ್ನು ಮಾಡಬಲ್ಲದು. ಶವಸಂಸ್ಕಾರವಾದ ಮುಂದಿನ ಆದಿತ್ಯವಾರದಲ್ಲಿ ವಿಧವೆಯೊಬ್ಬಳು ಪುಸ್ತಕವನ್ನು ತೆರೆಯದೆ ಕೂತಿದ್ದರೆ, ಪಕ್ಕದವರು ಆಕೆಯನ್ನು ಮೊಣಕೈಯಿಂದ ತಿವಿಯದಿರಲಿ. ಉಳಿದವರು ಹಾಡಲಿ, ಆಕೆ ಕೇಳಲಿ. ಆಕೆಯ ಪಾಲಿನ ಸ್ತುತಿಯನ್ನು ಅವರು ಆ ದಿನ ಹೊತ್ತುಕೊಳ್ಳುತ್ತಾರೆ. ಎಷ್ಟು ತಿಂಗಳಾದರೂ ಹೊತ್ತುಕೊಳ್ಳಲಿ. ಫಿಲಿಪ್ಪಿಯಲ್ಲಿಯೂ ಹಾಡಿದವರು ಇಬ್ಬರೇ. ಮಿಕ್ಕ ಸೆರೆಯವರು ಕತ್ತಲೆಯಲ್ಲಿ ಕಿವಿಗೊಟ್ಟಿದ್ದರು.